ಎಂಟನೆಯ ಸರ್ವರ್: ಸಾವಿರ ಯಂತ್ರಗಳಿಗೆ ತಂತ್ರಾಂಶ ಹಾಕುವ ಕೆಲಸ

2012ರ ಆಗಸ್ಟ್ 1ರ ಬೆಳಿಗ್ಗೆ ನ್ಯೂಯಾರ್ಕ್ ಷೇರುಪೇಟೆ ತೆರೆಯುತ್ತಿದ್ದಂತೆಯೇ ನೈಟ್ ಕ್ಯಾಪಿಟಲ್ ಎಂಬ ದಲ್ಲಾಳಿ ಸಂಸ್ಥೆಯ ಕಂಪ್ಯೂಟರ್‌ಗಳು ಯಾರೂ ಕೇಳದ ಷೇರುಗಳನ್ನು ಕೊಳ್ಳತೊಡಗಿದವು, ಮಾರತೊಡಗಿದವು. ಗಿರಾಕಿಗಳಿಂದ ಬಂದಿದ್ದು 212 ಸಣ್ಣ ಆರ್ಡರ್‌ಗಳು ಮಾತ್ರ. ಅವನ್ನು ಪೂರೈಸುವ ಭರದಲ್ಲಿ 45 ನಿಮಿಷಗಳಲ್ಲಿ 154 ಕಂಪನಿಗಳ 39 ಕೋಟಿಗೂ ಹೆಚ್ಚು ಷೇರುಗಳ ವಹಿವಾಟು ನಡೆದುಹೋಯಿತು. ನಷ್ಟ 46 ಕೋಟಿ ಡಾಲರ್ ದಾಟಿತು. ಮರುವರ್ಷ ಆ ಸಂಸ್ಥೆ ಇನ್ನೊಂದರ ಜೊತೆ ವಿಲೀನವಾಯಿತು.

ಆದದ್ದೇನು ಎಂಬುದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗದ 2013ರ ಆದೇಶದಲ್ಲಿ ಎಳೆಎಳೆಯಾಗಿ ದಾಖಲಾಗಿದೆ. ಆರ್ಡರ್‌ಗಳನ್ನು ಪೇಟೆಗೆ ಕಳಿಸುವ ಕೆಲಸಕ್ಕೆ ನೈಟ್‌ನಲ್ಲಿ ಎಂಟು ಸರ್ವರ್‌ಗಳಿದ್ದವು. ಜುಲೈ 27ರಿಂದ ಅವಕ್ಕೆ ಹೊಸ ಕೋಡ್ ಹಾಕಲು ಶುರುಮಾಡಿದರು. ಏಳಕ್ಕೆ ಹಾಕಿದ ತಂತ್ರಜ್ಞ ಎಂಟನೆಯದಕ್ಕೆ ಹಾಕಲಿಲ್ಲ. ಇನ್ನೊಬ್ಬರು ಕೂತು ಪರಿಶೀಲಿಸುವ ಪದ್ಧತಿಯೂ ಅಲ್ಲಿರಲಿಲ್ಲ. ಆ ಎಂಟನೆಯ ಸರ್ವರ್‌ನಲ್ಲಿ 2003ರಿಂದಲೇ ಬಳಕೆ ನಿಂತಿದ್ದ 'ಪವರ್ ಪೆಗ್' ಎಂಬ ಹಳೆಯ ಕೋಡ್ ಹಾಗೇ ಉಳಿದಿತ್ತು. ಅದನ್ನು ಚಾಲೂ ಮಾಡುತ್ತಿದ್ದ ಗುರುತನ್ನೇ ಹೊಸ ಕೋಡ್‌ಗೂ ಬಳಸಿದ್ದರು. ಹಾಗಾಗಿ ಏಳು ಯಂತ್ರಗಳು ಹೊಸ ಕೆಲಸ ಮಾಡಿದರೆ, ಎಂಟನೆಯದು ಒಂಬತ್ತು ವರ್ಷದ ನಿದ್ದೆಯಿಂದೆದ್ದ ಕೋಡನ್ನು ಓಡಿಸಿತು. ಎಷ್ಟು ಷೇರು ಆಯಿತು, ಎಲ್ಲಿ ನಿಲ್ಲಬೇಕು ಎಂದು ಲೆಕ್ಕವಿಡುವ ಭಾಗ 2005ರಲ್ಲೇ ಬೇರೆಡೆಗೆ ಹೋಗಿದ್ದರಿಂದ ಅದಕ್ಕೆ ನಿಲ್ಲುವುದು ಗೊತ್ತಿರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಆಮೇಲಿನದು. ತೊಂದರೆ ಹೊಸ ಕೋಡ್‌ನಿಂದಲೇ ಬಂದಿದೆ ಎಂದುಕೊಂಡ ಸಿಬ್ಬಂದಿ, ಸರಿಯಾಗಿದ್ದ ಏಳೂ ಸರ್ವರ್‌ಗಳಿಂದ ಅದನ್ನು ತೆಗೆದುಹಾಕಿದರು. ಆಗ ಅವೂ ಪವರ್ ಪೆಗ್ ಓಡಿಸಲು ಶುರುಮಾಡಿದವು. ಪೇಟೆ ತೆರೆಯುವ ಮೊದಲೇ ಆ ಹೆಸರನ್ನು ಉಲ್ಲೇಖಿಸಿದ 97 ಇಮೇಲ್‌ಗಳು ವ್ಯವಸ್ಥೆಯಿಂದ ತಾವಾಗಿಯೇ ಸಿಬ್ಬಂದಿಗೆ ಹೋಗಿದ್ದವು. ಅವನ್ನು ಎಚ್ಚರಿಕೆ ಎಂದು ಯಾರೂ ಓದಲಿಲ್ಲ. ಯಾವ ಯಂತ್ರದಲ್ಲಿ ಯಾವ ಕೋಡ್ ಇದೆ ಎಂಬ ಪ್ರಶ್ನೆಗೆ ಆ 45 ನಿಮಿಷ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಸರ್ವರ್‌ಗಳ ಜಾಲಕ್ಕೆ ತಂತ್ರಾಂಶ ಹಾಕುವುದೆಂದರೆ ಫೈಲುಗಳನ್ನು ನಕಲು ಮಾಡುವ ಕೆಲಸ ಎಂದೇ ಹೊರಗಿನವರ ಎಣಿಕೆ. ಕಳೆದ ಮೂರು ದಶಕಗಳಲ್ಲಿ ಈ ಕೆಲಸಕ್ಕೆಂದು ಹುಟ್ಟಿದ ಉಪಕರಣಗಳನ್ನೂ ಆದ ಅನಾಹುತಗಳನ್ನೂ ಒಟ್ಟಿಗಿಟ್ಟು ನೋಡಿದರೆ ನಕಲು ಮಾಡುವುದು ಅದರಲ್ಲಿ ಚಿಕ್ಕ ಪಾಲು ಎಂದು ಕಾಣುತ್ತದೆ. ಎಲ್ಲ ಯಂತ್ರಗಳೂ ಒಂದೇ ಸ್ಥಿತಿಯಲ್ಲಿವೆಯೇ ಎಂದು ತಿಳಿದಿರುವುದು, ಹೊಸತು ಕೆಟ್ಟರೆ ಕೆಡುಕು ಹರಡುವ ಮೊದಲೇ ನಿಲ್ಲಿಸುವುದು, ಹಿಂದಕ್ಕೆ ಬರಲು ದಾರಿ ಉಳಿಸಿಕೊಳ್ಳುವುದು, ಈ ಮೂರೇ ನಿಜವಾದ ಕೆಲಸ. ಮೊದಲನೆಯದರಲ್ಲಿ ನಾವು ಬಹಳ ದೂರ ಬಂದಿದ್ದೇವೆ. ಉಳಿದೆರಡರಲ್ಲಿ ದೊಡ್ಡ ದೊಡ್ಡ ಕಂಪನಿಗಳೂ ಇವತ್ತಿಗೂ ಎಡವುತ್ತಿವೆ.

ಒಂದೇ ಯಂತ್ರದ ಮಟ್ಟಿಗೆ ಸಮಸ್ಯೆ 1990ರ ದಶಕದಲ್ಲೇ ಬಹುಪಾಲು ಬಗೆಹರಿದಿತ್ತು. ಡೆಬಿಯನ್ ಲಿನಕ್ಸ್‌ನ ಡಿಪಿಕೆಜಿ, ರೆಡ್ ಹ್ಯಾಟ್‌ನ ಆರ್‌ಪಿಎಂ, ಅವುಗಳ ಮೇಲೆ ಬಂದ ಆಪ್ಟ್ ಮತ್ತು ಯಮ್ ಪ್ಯಾಕೇಜುಗಳ ಲೆಕ್ಕ ಇಡುತ್ತವೆ. ಒಂದು ಪ್ಯಾಕೇಜಿಗೆ ಇನ್ನಾವುದು ಬೇಕು, ಯಾವ ಫೈಲು ಯಾವುದಕ್ಕೆ ಸೇರಿದ್ದು, ಈಗಿರುವುದು ಎಷ್ಟನೇ ಆವೃತ್ತಿ ಎಂಬುದೆಲ್ಲ ಅವಕ್ಕೆ ಗೊತ್ತು. ಯಂತ್ರಗಳು ಇನ್ನೂರಾದಾಗ ಏನು ಮಾಡಬೇಕು ಎಂಬುದು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಬರೆದರು, 1996ರಲ್ಲಿ ಆಸ್ಟ್ರೇಲಿಯಾದಿಂದ ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಬಂತು. ಅಲ್ಲಿಂದ ಮುಂದೆ ಸಿಸ್ಟಂ ಅಡ್ಮಿನ್‌ಗಳೆಲ್ಲ ಮಾಡಿಕೊಂಡ ಉಪಾಯ ಒಂದೇ: ಯಂತ್ರಗಳ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಒಂದೊಂದಕ್ಕೂ ಲಾಗಿನ್ ಆಗಿ ಅದೇ ಆಜ್ಞೆಗಳನ್ನು ಕೊಡುವ ಸ್ಕ್ರಿಪ್ಟ್.

ಆ ಸ್ಕ್ರಿಪ್ಟ್ ಎಲ್ಲಿ ಸೋಲುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪ್ರತಿ ಸರ್ವರ್‌ನ ಒಂದು ಕಾನ್ಫಿಗ್ ಫೈಲಿಗೆ, ಒಮ್ಮೆಗೆ ತೆರೆಯಬಹುದಾದ ಫೈಲುಗಳ ಮಿತಿಯನ್ನು ಏರಿಸುವ ಒಂದು ಸಾಲನ್ನು ಸೇರಿಸಬೇಕಿದೆ ಎನ್ನಿ. ಫೈಲಿನ ಕೊನೆಗೆ ಈ ಸಾಲನ್ನು ಅಂಟಿಸು ಎಂದು ಸ್ಕ್ರಿಪ್ಟ್ ಹೇಳುತ್ತದೆ. 140ನೇ ಯಂತ್ರದಲ್ಲಿ ಡಿಸ್ಕ್ ತುಂಬಿದೆ, ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಡಿಸ್ಕ್ ಖಾಲಿ ಮಾಡಿ ಮತ್ತೆ ಮೊದಲಿನಿಂದ ಓಡಿಸಿದರೆ, ಹಿಂದಿನ 139 ಯಂತ್ರಗಳಲ್ಲಿ ಅದೇ ಸಾಲು ಎರಡೆರಡು ಬಾರಿ ಬಂದು ಕೂರುತ್ತದೆ. ಆ ಹೊತ್ತಿಗೆ ಮೂರು ಯಂತ್ರಗಳು ರಿಪೇರಿಗೆಂದು ಆಫ್ ಆಗಿದ್ದರೆ ಅವಕ್ಕೆ ಏನೂ ಮುಟ್ಟಿರುವುದಿಲ್ಲ. ಮುಂದಿನ ವಾರ ಅವು ಹಳೆಯ ಫೈಲನ್ನೇ ಹೊತ್ತು ಸದ್ದಿಲ್ಲದೆ ಸಾಲಿಗೆ ಮರಳುತ್ತವೆ. ಪರದೆಯ ಮೇಲೆ ಸ್ಕ್ರಿಪ್ಟ್ 'ಮುಗಿಯಿತು' ಎಂದು ತೋರಿಸಿರುತ್ತದೆ.

ಇದಕ್ಕೆ ಮೊದಲ ಗಟ್ಟಿ ಉತ್ತರ ಕೊಟ್ಟವರು ಭೌತವಿಜ್ಞಾನ ಓದಿ ಬಂದ ಮಾರ್ಕ್ ಬರ್ಜೆಸ್. 1993ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಅವರು ಬರೆದ ಸಿಎಫ್‌ಎಂಜಿನ್ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. 'ಈ ಸಾಲನ್ನು ಅಂಟಿಸು' ಎನ್ನುವ ಬದಲು 'ಈ ಫೈಲಿನಲ್ಲಿ ಈ ಸಾಲು ಇರಬೇಕು' ಎಂದು ಬರೆಯಿರಿ. ಇದ್ದರೆ ಯಂತ್ರ ಸುಮ್ಮನಿರುತ್ತದೆ, ಇಲ್ಲದಿದ್ದರೆ ಸೇರಿಸುತ್ತದೆ. ಹತ್ತು ಬಾರಿ ಓಡಿಸಿದರೂ ಫಲ ಒಂದೇ. ಜೊತೆಗೆ, ಪ್ರತಿ ಯಂತ್ರದಲ್ಲೂ ಕೂತ ಒಂದು ಪುಟ್ಟ ಏಜೆಂಟ್ ಆಗಾಗ ತಾನೇ ಎದ್ದು ನಿಯಮಗಳನ್ನು ತರಿಸಿಕೊಂಡು ತನ್ನ ಸ್ಥಿತಿಯನ್ನು ಸರಿಪಡಿಸಿಕೊಳ್ಳುತ್ತದೆ. ರಿಪೇರಿಯಿಂದ ಮರಳಿದ ಆ ಮೂರು ಯಂತ್ರಗಳೂ ತಾವಾಗಿ ದಾರಿಗೆ ಬರುತ್ತವೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ವಿಚಾರ ಇನ್ನೊಂದು ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2005ರಲ್ಲಿ ಲ್ಯೂಕ್ ಕನೀಸ್ ಶುರುಮಾಡಿದ ಪಪೆಟ್, 2009ರ ಶೆಫ್, 2011ರ ಸಾಲ್ಟ್, 2012ರಲ್ಲಿ ಮೈಕೆಲ್ ಡಿಹಾನ್ ಬರೆದ ಆನ್ಸಿಬಲ್ ಎಲ್ಲವೂ ಆ ವಿಚಾರದ ಮಕ್ಕಳೇ.

ಇವುಗಳಲ್ಲಿ ಆನ್ಸಿಬಲ್ ಜನಪ್ರಿಯವಾದದ್ದು ಏಜೆಂಟಿನ ಗೊಡವೆಯೇ ಇಲ್ಲದ್ದರಿಂದ. ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು, ಒಂದೇ ಮಧ್ಯಾಹ್ನದಲ್ಲಿ ಕಲಿತು ಕೆಲಸ ಶುರುಮಾಡಬಹುದು. ಸಣ್ಣ ತಂಡಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಅದರಲ್ಲಿ ಒಂದು ಕೊರತೆಯಿದೆ: ನೀವು ಓಡಿಸಿದಾಗ ಮಾತ್ರ ಅದು ನೋಡುತ್ತದೆ. ಓಡಿಸಿದ ಮರುದಿನ ಯಾರೋ ನೇರವಾಗಿ ಲಾಗಿನ್ ಆಗಿ ಕೈಯಾರೆ ಏನೋ ಬದಲಿಸಿದರೆ, ಮುಂದಿನ ಬಾರಿ ಓಡಿಸುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೀಗೆ ಯಂತ್ರಗಳು ದಿನ ಕಳೆದಂತೆ ಒಂದರಿಂದೊಂದು ಬೇರೆಯಾಗುತ್ತ ಹೋಗುವುದರಿಂದ ಬೇಸತ್ತವರು ಇನ್ನೊಂದು ದಾರಿ ಹಿಡಿದರು. ಓಡುತ್ತಿರುವ ಯಂತ್ರವನ್ನು ತಿದ್ದುವುದೇ ಬೇಡ, ಬೇಕಾದ್ದೆಲ್ಲ ತುಂಬಿದ ಹೊಸ ಇಮೇಜ್ ಸಿದ್ಧಮಾಡಿ ಹಳೆಯದರ ಜಾಗದಲ್ಲಿ ಅದನ್ನು ನಿಲ್ಲಿಸಿ ಎಂಬುದು ಅವರ ವಾದ. ಅಂಥ ಇಮೇಜನ್ನು ಕಂಟೈನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ 2013ರಲ್ಲಿ ಬಂದು ಇದನ್ನು ಎಲ್ಲರ ಕೈಗೆಟುಕಿಸಿತು. ತನ್ನೊಳಗೆ ಬಳಸುತ್ತಿದ್ದ ಬೋರ್ಗ್ ವ್ಯವಸ್ಥೆಯ ಅನುಭವದಿಂದ ಗೂಗಲ್ 2014ರಲ್ಲಿ ಕುಬರ್ನೆಟೀಸ್ ಹೊರತಂದಿತು. ಯಾವ ಯಂತ್ರದಲ್ಲಿ ಏನು ಓಡಬೇಕೆಂದು ಮನುಷ್ಯ ಪಟ್ಟಿ ಮಾಡುವುದು ಅಲ್ಲಿಗೆ ತಪ್ಪಿತು. ಇಷ್ಟು ಪ್ರತಿಗಳು ಬೇಕು ಎಂದರೆ ಸಾಕು, ಜಾಗ ಹುಡುಕುವುದು ಅದರ ಕೆಲಸ. ಹಳೆಯ ವಿದ್ಯೆ ಇದರಿಂದ ಅನಗತ್ಯವಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಂಟೈನರ್‌ಗಳ ಕೆಳಗಿರುವ ಯಂತ್ರಕ್ಕೂ ಆಪರೇಟಿಂಗ್ ಸಿಸ್ಟಂ ಇದೆ, ಕರ್ನಲ್ ಇದೆ. ಅದನ್ನೂ ಯಾರಾದರೂ ಅಪ್‌ಡೇಟ್ ಮಾಡಲೇಬೇಕು.

ಇನ್ನು ಸಾಗಣೆ. ಒಂದು ಗಿಗಾಬೈಟ್‌ನ ತಂತ್ರಾಂಶವನ್ನು ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಒಂದೇ ಕೇಬಲ್ಲಿನ ಮೂಲಕ 5,000 ಸರ್ವರ್‌ಗಳಿಗೆ ಕಳಿಸಲು ಲೆಕ್ಕದ ಪ್ರಕಾರವೇ ಒಂದು ಗಂಟೆ ಮೀರುತ್ತದೆ. 2010ರಲ್ಲಿ ಟ್ವಿಟರ್ ಸಿನಿಮಾ ಹಂಚುವವರ ಬಿಟ್‌ಟೊರೆಂಟ್ ವಿಧಾನವನ್ನೇ ತನ್ನ ಡೇಟಾ ಸೆಂಟರಿನೊಳಗೆ ತಂದಿತು. ತುಣುಕು ಸಿಕ್ಕಿದ ಯಂತ್ರ ಪಕ್ಕದ ಯಂತ್ರಕ್ಕೆ ಅದನ್ನು ದಾಟಿಸುತ್ತದೆ. ಹತ್ತಾರು ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಅಲ್ಲಿಗೆ ವೇಗದ ಪ್ರಶ್ನೆ ಮುಗಿದಂತೆಯೇ. ಆದರೆ ಸರಿಯಾದದ್ದು ಎಷ್ಟು ಬೇಗ ತಲುಪುತ್ತದೋ ತಪ್ಪೂ ಅಷ್ಟೇ ಬೇಗ ತಲುಪುವ ಕಾಲವೂ ಅಲ್ಲಿಂದಲೇ ಶುರುವಾಯಿತು.

ಹಾಗಾಗಿ ಬಲ್ಲವರು ಬೇಕೆಂದೇ ನಿಧಾನ ಮಾಡುತ್ತಾರೆ. ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಇನ್ನೂರು ಸರ್ವರ್‌ಗಳಿವೆ ಎಂದುಕೊಳ್ಳಿ. ಮೊದಲು ಎರಡನ್ನು ಆರಿಸುತ್ತಾರೆ. ಅವಕ್ಕೆ ಹೊಸ ಕೋರಿಕೆಗಳು ಹೋಗದಂತೆ ತಡೆದು, ಕೈಯಲ್ಲಿರುವ ಕೋರಿಕೆಗಳು ಮುಗಿಯುವವರೆಗೆ ಕಾಯುತ್ತಾರೆ. ಸೇವೆ ನಿಲ್ಲಿಸಿ ಹೊಸ ಆವೃತ್ತಿ ಹಾಕಿ ಮತ್ತೆ ಚಾಲೂ ಮಾಡುತ್ತಾರೆ. ಸೇವೆ ಎದ್ದಿದೆ ಎಂಬುದಷ್ಟೇ ಸಾಲದು. ಡೇಟಾಬೇಸ್ ಸಿಗುತ್ತಿದೆಯೇ, ಒಂದು ನಿಜವಾದ ಕೋರಿಕೆಗೆ ಸರಿಯಾದ ಉತ್ತರ ಬರುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ಎರಡನ್ನೂ ಸಾಲಿಗೆ ಸೇರಿಸಿ, ತಪ್ಪುಗಳ ಪ್ರಮಾಣ, ಉತ್ತರಕ್ಕೆ ಹಿಡಿಯುವ ಸಮಯ, ಮೆಮರಿ ಬಳಕೆ ಮೂರನ್ನೂ ಉಳಿದ 198ರ ಜೊತೆ ಹೋಲಿಸುತ್ತ ಅರ್ಧ ಗಂಟೆ ಕೂರುತ್ತಾರೆ. ಎಲ್ಲ ಸರಿಯಿದ್ದರೆ ಇಪ್ಪತ್ತಕ್ಕೆ, ಆಮೇಲೆ ಎಲ್ಲಕ್ಕೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎಂಬ ತರ್ಕವೇ ಇಲ್ಲಿಯದೂ. ಎಲ್ಲ ಅಗುಳೂ ಒಂದೇ ಪಾತ್ರೆಯದಾಗಿದ್ದರೆ ಮಾತ್ರ ಆ ತರ್ಕ ನಿಲ್ಲುತ್ತದೆ. ಬರ್ಜೆಸ್ ಹಾಕಿಕೊಟ್ಟ ಸಮಾನತೆಯ ಶಿಸ್ತು ಇಲ್ಲದಲ್ಲಿ ಎರಡು ಸರ್ವರ್‌ಗಳ ಪರೀಕ್ಷೆ ಉಳಿದ 198ರ ಬಗ್ಗೆ ಏನನ್ನೂ ಹೇಳಲಾರದು.

ಇಷ್ಟೆಲ್ಲ ಗೊತ್ತಿದ್ದ ಮೇಲೂ 2024ರ ಜುಲೈ 19 ಯಾಕೆ ಆಯಿತು? ಅಂದು ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ವಿಂಡೋಸ್ ಯಂತ್ರಗಳಿಗೆ ಒಂದು ಪುಟ್ಟ ಫೈಲ್ ಕಳಿಸಿತು. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ ಅಷ್ಟರೊಳಗೆ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದಿದ್ದವು. ಆಸ್ಪತ್ರೆ, ಬ್ಯಾಂಕು, ವಿಮಾನಯಾನ ಎಲ್ಲೆಲ್ಲೂ ಕೆಲಸ ನಿಂತಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಆ ದಿನ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಬಿದ್ದ ಯಂತ್ರ ಮತ್ತೆ ಮತ್ತೆ ರೀಬೂಟ್ ಆಗಿ ಮತ್ತೆ ಬೀಳುತ್ತಿದ್ದುದರಿಂದ ದೂರದಿಂದ ಸರಿಪಡಿಸುವಂತೆಯೂ ಇರಲಿಲ್ಲ. ಹೆಚ್ಚಿನ ಕಡೆ ಒಂದೊಂದರ ಮುಂದೆಯೂ ಒಬ್ಬರು ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಫೈಲನ್ನು ಅಳಿಸಬೇಕಾಯಿತು.

ಕ್ರೌಡ್‌ಸ್ಟ್ರೈಕ್‌ಗೆ ಹಂತಹಂತವಾಗಿ ಹಾಕುವುದು ತಿಳಿಯದ್ದೇನಲ್ಲ. ತನ್ನ ಮುಖ್ಯ ತಂತ್ರಾಂಶದ ಹೊಸ ಆವೃತ್ತಿಯನ್ನು ಅದು ಹಾಗೆಯೇ ಬಿಡುತ್ತಿತ್ತು, ಗಿರಾಕಿಗಳು ಒಂದೆರಡು ಆವೃತ್ತಿ ಹಿಂದೆ ಉಳಿಯಲೂ ಅವಕಾಶವಿತ್ತು. ಅಂದು ಹೋದದ್ದು ತಂತ್ರಾಂಶವಲ್ಲ, ಹೊಸ ಬಗೆಯ ದಾಳಿಗಳನ್ನು ಗುರುತಿಸಲು ಬೇಕಾದ ಮಾಹಿತಿಯ ಫೈಲ್. ಮಾಹಿತಿ ತಾನೇ ಎಂದು ಅದನ್ನು ಎಲ್ಲರಿಗೂ ಒಂದೇ ಸಲ ಕಳಿಸುವ ರೂಢಿಯಿತ್ತು. ಒಳಗಿದ್ದ ಕೋಡ್ 21 ಮೌಲ್ಯಗಳನ್ನು ನಿರೀಕ್ಷಿಸುತ್ತಿತ್ತು, ಅದಕ್ಕೆ ಸಿಗುತ್ತಿದ್ದದ್ದು 20. ಹೊಸ ಫೈಲ್ 21ನೆಯದನ್ನು ಓದಲು ಹೇಳಿದಾಗ ಅದು ಮೆಮರಿಯಲ್ಲಿ ಇಲ್ಲದ ಜಾಗಕ್ಕೆ ಕೈಹಾಕಿತು.

ಇದು ಒಬ್ಬರ ತಪ್ಪಾಗಿದ್ದರೆ ಮರೆಯಬಹುದಿತ್ತು. 2019ರ ಜುಲೈ 2ರಂದು, ವೆಬ್‌ಸೈಟುಗಳಿಗೆ ರಕ್ಷಣೆ ಒದಗಿಸುವ ಕ್ಲೌಡ್‌ಫ್ಲೇರ್ ತನ್ನ ಜಾಲದ ಎಲ್ಲ ಸರ್ವರ್‌ಗಳಿಗೆ ಒಂದು ಭದ್ರತಾ ನಿಯಮವನ್ನು ಸೆಕೆಂಡುಗಳಲ್ಲಿ ಹರಡಿತು. ಅದರಲ್ಲಿದ್ದ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಜಗತ್ತಿನಾದ್ಯಂತ ಅವರ ಪ್ರೊಸೆಸರ್‌ಗಳನ್ನು ಉಸಿರುಗಟ್ಟಿಸಿ, ಸುಮಾರು ಅರ್ಧ ಗಂಟೆ ಲೆಕ್ಕವಿಲ್ಲದಷ್ಟು ವೆಬ್‌ಸೈಟುಗಳನ್ನು ಬೀಳಿಸಿತು. ಕೋಡ್‌ಗೆ ಹಂತಗಳಿದ್ದವು, ನಿಯಮಕ್ಕೆ ಇರಲಿಲ್ಲ. 2025ರ ಜೂನ್ 12ರ ಗೂಗಲ್ ಕ್ಲೌಡ್ ಪ್ರಕರಣದಿಂದ ಕಲಿಯುವುದು ಇನ್ನೂ ಹೆಚ್ಚಿದೆ. ಮೇ 29ರಂದು ಹಾಕಿದ ಹೊಸ ಕೋಡನ್ನು ಅವರು ಪ್ರದೇಶದಿಂದ ಪ್ರದೇಶಕ್ಕೆ ಕ್ರಮವಾಗಿಯೇ ಹರಡಿದ್ದರು. ಆದರೆ ದೋಷವಿದ್ದ ಭಾಗ ಎಚ್ಚರಗೊಳ್ಳಲು ಒಂದು ವಿಶೇಷ ಬಗೆಯ ನೀತಿ ದಾಖಲೆ ಬೇಕಿತ್ತು, ಹಾಗಾಗಿ ಯಾವ ಹಂತದಲ್ಲೂ ಅದು ಓಡಲೇ ಇಲ್ಲ. ಎರಡು ವಾರದ ಮೇಲೆ ಖಾಲಿ ಜಾಗಗಳಿದ್ದ ಅಂಥ ದಾಖಲೆಯೊಂದು ಸೇರಿದಾಗ ಅದು ಸೆಕೆಂಡುಗಳಲ್ಲಿ ಎಲ್ಲ ಪ್ರದೇಶಗಳಿಗೂ ತಲುಪಿ, ಎಲ್ಲ ಕಡೆಯೂ ಒಟ್ಟಿಗೆ ಕುಸಿತ ತಂದಿತು.

ಈ ಮೂರನ್ನೂ ಓದಿದ ಮೇಲೆ ಒಂದು ಮಾತು ಸ್ಪಷ್ಟ. ತಂತ್ರಾಂಶ ಬೇರೆ, ಸೆಟ್ಟಿಂಗ್ ಬೇರೆ, ನಿಯಮಗಳ ಪಟ್ಟಿ ಬೇರೆ ಎಂಬ ವಿಂಗಡಣೆಗೆ ಇಂದು ಅರ್ಥವಿಲ್ಲ. ಯಂತ್ರದ ನಡವಳಿಕೆಯನ್ನು ಬದಲಿಸುವ ಪ್ರತಿಯೊಂದೂ ತಂತ್ರಾಂಶವೇ, ಪ್ರತಿಯೊಂದಕ್ಕೂ ಅದೇ ನಿಧಾನದ ದಾರಿಯೇ ಬೇಕು.

'ಭದ್ರತೆಯ ವಿಚಾರದಲ್ಲಿ ನಿಧಾನ ಮಾಡಿದರೆ ಹೇಗೆ' ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ವನ್ನಾಕ್ರೈ ದಾಳಿ 2017ರ ಮೇ 12ರಂದು ಬ್ರಿಟನ್ನಿನ ಆಸ್ಪತ್ರೆಗಳನ್ನು ತತ್ತರಿಸುವಂತೆ ಮಾಡುವುದಕ್ಕೆ ಸುಮಾರು ಎರಡು ತಿಂಗಳು ಮೊದಲೇ, ಮಾರ್ಚ್ 14ಕ್ಕೆ, ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತ್ತು. ಹಾಕದವರು ಸಿಕ್ಕಿಬಿದ್ದರು. 2021ರ ಡಿಸೆಂಬರಿನಲ್ಲಿ ಜಾವಾದ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ದೋಷ ಬಯಲಾದಾಗ ಅನೇಕ ಸಂಸ್ಥೆಗಳಿಗೆ ಪ್ಯಾಚ್ ಹಾಕುವುದಕ್ಕಿಂತ ಆ ಲೈಬ್ರರಿ ತಮ್ಮ ಯಾವ ಯಾವ ಸರ್ವರ್‌ಗಳಲ್ಲಿ ಅಡಗಿದೆ ಎಂದು ಪತ್ತೆಹಚ್ಚುವುದೇ ಕಷ್ಟವಾಯಿತು. ಇನ್ನೊಂದು ಕಡೆ, 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಲೈಬ್ರರಿಯಲ್ಲಿ ಅಡಗಿಸಿಟ್ಟ ಕಳ್ಳದಾರಿಯನ್ನು ತಂತ್ರಜ್ಞ ಆಂಡ್ರೆಸ್ ಫ್ರೊಯಿಂಡ್ ಪತ್ತೆಹಚ್ಚಿದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂಬ ಅನುಮಾನವೇ ಅವರಿಗೆ ಸುಳಿವಾಯಿತು. ಆ ಹೊತ್ತಿಗೆ ಅದು ಡೆಬಿಯನ್ ಮತ್ತು ಫೆಡೋರಾದ ಪರೀಕ್ಷಾ ಆವೃತ್ತಿಗಳನ್ನು ತಲುಪಿತ್ತು, ಡೆಬಿಯನ್‌ನ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಅಲ್ಲಿ ಕಾಪಾಡಿದ್ದು ನಿಧಾನವೇ. ವೇಗ ಮತ್ತು ಹಂತ ಒಂದಕ್ಕೊಂದು ವಿರೋಧಿಗಳಲ್ಲ. ನೂರರಲ್ಲಿ ಒಂದು ಯಂತ್ರಕ್ಕೆ ಹಾಕಿ ಹತ್ತು ನಿಮಿಷ ಕಾಯುವುದೂ ಹಂತವೇ. ಕ್ರೌಡ್‌ಸ್ಟ್ರೈಕ್ ಆ ಹತ್ತು ನಿಮಿಷ ಕಾದಿದ್ದರೆ ಆ ಶುಕ್ರವಾರ ಬೇರೆಯೇ ಆಗಿರುತ್ತಿತ್ತು.

ಹಿಂದಕ್ಕೆ ಬರುವ ದಾರಿಯ ಬಗ್ಗೆ. ಕೋಡನ್ನು ಹಿಂದಕ್ಕೆ ತರುವುದು ಸುಲಭ. ಹೊಸ ಆವೃತ್ತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು, 'ಈಗಿನದು' ಎಂಬ ಕೊಂಡಿಯನ್ನಷ್ಟೇ ಅತ್ತ ತಿರುಗಿಸುವ ಪದ್ಧತಿ ಹಳೆಯದು. ಕೆಟ್ಟರೆ ಕೊಂಡಿ ಹಿಂದಕ್ಕೆ. ಕಷ್ಟವಿರುವುದು ಡೇಟಾಬೇಸಿನಲ್ಲಿ. ಹೊಸ ಆವೃತ್ತಿ ಒಂದು ಕಾಲಂ ಅಳಿಸಿಬಿಟ್ಟರೆ ಹಳೆಯ ಕೋಡ್‌ಗೆ ಮರಳಲು ನೆಲವೇ ಇರುವುದಿಲ್ಲ. ಮೇಲಾಗಿ, ಹಂತಹಂತವಾಗಿ ಹಾಕುವಾಗ ಹಳೆಯ ಕೋಡ್ ಹೊಸ ಕೋಡ್ ಎರಡೂ ಒಂದೇ ಡೇಟಾಬೇಸನ್ನು ಏಕಕಾಲಕ್ಕೆ ಓದುತ್ತಿರುತ್ತವೆ. ಅದಕ್ಕೇ ಮೊದಲು ಹೊಸ ಕಾಲಂ ಸೇರಿಸಿ, ಕೆಲಕಾಲ ಎರಡಕ್ಕೂ ಬರೆದು, ಎಲ್ಲ ಯಂತ್ರಗಳೂ ಹೊಸದಕ್ಕೆ ಬಂದ ಮೇಲೆ, ವಾರಗಳು ಕಳೆದ ಮೇಲೆ, ಹಳೆಯದನ್ನು ತೆಗೆಯಬೇಕು. ಒಂದು ಬದಲಾವಣೆ ಮೂರು ಬದಲಾವಣೆಯಾಗುತ್ತದೆ. ಗಡುವಿನ ಒತ್ತಡದಲ್ಲಿ ಮೊದಲು ಬಲಿಯಾಗುವುದೂ ಇದೇ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಒಂದೇ ವಾರಾಂತ್ಯದಲ್ಲಿ ಎಲ್ಲ ಗ್ರಾಹಕರನ್ನೂ ಹೊಸ ವ್ಯವಸ್ಥೆಗೆ ದಾಟಿಸಿತು. ಲಕ್ಷಾಂತರ ಜನ ತಮ್ಮ ಖಾತೆ ಸಿಗದೆ ಪರದಾಡಿದರು, ಹಿಂದಕ್ಕೆ ಹೋಗುವಂತಿರಲಿಲ್ಲ. ಕೊನೆಗೆ ತೆತ್ತ ದಂಡ 4.8 ಕೋಟಿ ಪೌಂಡ್‌ಗೂ ಹೆಚ್ಚು.

ಇದೆಲ್ಲ ಎಲ್ಲೋ ದೂರದ ಮಾತಲ್ಲ. ಅಮೆರಿಕದ ಅನೇಕ ಕಂಪನಿಗಳ ರಾತ್ರಿ ಪಾಳಿಯ ಡಿಪ್ಲಾಯ್‌ಮೆಂಟ್ ಬೆಂಗಳೂರಿನವರ ಹಗಲಿನ ಕೆಲಸ. ಆ ಶಿಸ್ತು ಬಲ್ಲ ಸಾವಿರಾರು ಜನ ನಮ್ಮೂರಲ್ಲೇ ಇದ್ದಾರೆ. ಇತ್ತ ಪಡಿತರದ ಅಂಗಡಿಯಿಂದ ನಾಡಕಚೇರಿಯವರೆಗೆ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಕೇಳದ ಕನ್ನಡಿಗರಿಲ್ಲ. ಅದಕ್ಕೆ ಕಾರಣ ಪ್ರತಿ ಬಾರಿಯೂ ಅಪ್‌ಡೇಟ್ ಆಗಿರಬೇಕಿಲ್ಲ. ಆದರೆ ಕೂಲಿ ಬಿಟ್ಟು ಪಹಣಿಗೆ ಬಂದ ರೈತನಿಗೆ ಕಾರಣ ಯಾವುದಾದರೂ ಕಳೆದುಹೋಗುವುದು ಒಂದು ದಿನದ ದುಡಿಮೆಯೇ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯನ್ನು ನಮ್ಮ ಸರ್ಕಾರ ಕೆಲವೇ ತಾಲ್ಲೂಕುಗಳಲ್ಲಿ ಪ್ರಯೋಗಿಸಿ ನೋಡಿ ಆಮೇಲೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಮೊದಲ ಬಾರಿ ಹಾಕುವಾಗ ತೋರಿದ ಆ ತಾಳ್ಮೆ ಆಮೇಲಿನ ಪ್ರತಿ ಅಪ್‌ಡೇಟ್‌ಗೂ ಸಲ್ಲಬೇಕು.

ಹಾಗಾಗಿ ಟೆಂಡರ್ ಬರೆಯುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಒಪ್ಪಂದದಲ್ಲಿ ನಾಲ್ಕು ಸಾಲು ಸೇರಿಸಿ: ಪ್ರತಿ ಬದಲಾವಣೆಯೂ, ಅದು ಬರೀ ಸೆಟ್ಟಿಂಗ್ ಆಗಿದ್ದರೂ, ಮೊದಲು ಒಂದು ತಾಲ್ಲೂಕಿನಲ್ಲಿ ಒಂದು ದಿನ ಓಡಬೇಕು, ಹಿಂದಕ್ಕೆ ಬರುವುದನ್ನು ವರ್ಷಕ್ಕೆರಡು ಬಾರಿಯಾದರೂ ನಿಜವಾಗಿ ಮಾಡಿ ತೋರಿಸಬೇಕು, ಯಾವ ಸರ್ವರ್‌ನಲ್ಲಿ ಯಾವ ಆವೃತ್ತಿಯಿದೆ ಎಂಬ ಪಟ್ಟಿ ಕೇಳಿದ ಐದು ನಿಮಿಷದಲ್ಲಿ ಸಿಗಬೇಕು, ಅಪ್‌ಡೇಟ್‌ನ ದಿನ ಮತ್ತು ಹೊತ್ತನ್ನು ಜನರಿಗೆ ಮೊದಲೇ ತಿಳಿಸಬೇಕು. ಇವಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ. ಮಾಡಬಲ್ಲವರು ಇಲ್ಲೇ ಇದ್ದಾರೆ, ಕೇಳುವುದಷ್ಟೇ ಬಾಕಿ.